ಮಾರಿಗೆ ಬಿಳೇದು, ಮಷೀನಿಗೆ ಬಣ್ಣದ್ದು

ನಾ ಜಗಳಗಂಟಿ ಅಂತ ನಮ್ಮ ಓಣಿಯೊಳಗ ಹೆಸರೈತಿ. ಇರ್ಲಿ ಬಿಡ್ರಿ. ಆದ್ರ ನಾ ಮಂದಿ ಮ್ಯಾಲ ಕೈ ಎತ್ತಿದ್ದೆಲ್ಲಾ ಬಂಗಾರದ ಸಲುವಾಗಿ ಅಲ್ಲ, ಹೊಲ ಮನಿ ಸಲುವಾಗಿನೂ ಅಲ್ಲ. ಒರಸೋ ಅರಿವಿ ಸಲುವಾಗಿ. ಹಳೇ ಅರಿವಿ, ಚಿಂದಿ, ಮಂದಿ ಬಾಗಲಾಗ ಕಾಲೊರಸಾಕ ಹಾಕಿ ಬಿಡ್ತಾರಲ್ಲ, ಅದು. ಕೇಳಿದವರು ನಗ್ತಾರ. ನಗೋರು ಒಂದು ದಿನ ನಮ್ಮ ಶೆಡ್ಡಿನ್ಯಾಗ ನಿಂತು ನೋಡ್ಲಿ, ಆಮ್ಯಾಲ ನಗ್ಲಿ.

ಹಾವೇರಿಯೊಳಗ ನಮ್ಮ ಮನಿ ಮುಂದ ತಗಡಿನ ಪತ್ರಾಸ್ ಹೊದಿಸಿದ ಶೆಡ್ಡು ಐತಿ. ಅದರಾಗ ಒಂದು ಹಳೇ ಲೇತ್ ಮಷೀನು, ಒಂದು ಗ್ರೈಂಡರು, ಒಂದು ಡ್ರಿಲ್ಲು. ನಮ್ಮ ಮನಿಯವ್ರು ಮುಂಜಾನಿಯಿಂದ ದೀಪ ಹಚ್ಚೋತನಕ ಅಲ್ಲೇ ನಿಂತಿರ್ತಾರ. ಕರ್ಜಗಿ ಕಡೆಯಿಂದ ಪಂಪಿನ ಶಾಫ್ಟು ಬರ್ತಾವು, ಮೇಡ್ಲೇರಿಯಷ್ಟು ದೂರದಿಂದ ಸೈತ ಟ್ರ್ಯಾಕ್ಟರಿನ ಬುಶ್ ಹಿಡಕೊಂಡು ಬರ್ತಾರ. ಕೆಲಸ ಅಷ್ಟು ಚೊಕ್ಕ. ಆದ್ರ ಆ ಚೊಕ್ಕ ಕೆಲಸ ಎಲ್ಲಾ ಒಂದು ಕಣ್ಣಿಂದ ಆಗೋದು. ಎಡಗಣ್ಣು ಹೋಗಿ ಬಾಳ ವರ್ಷ ಆತು.

ಆ ಕಣ್ಣು ಹೋದದ್ದು ಅರಿವಿಯಿಂದನ. ಲೇತ್ ಮ್ಯಾಲ ಕಬ್ಬಿಣ ಕಡಿಯೋ ಮುಂದ ಚೂರು ಹಾರ್ತಾವು. ಅದನ್ನ ಒರಸಿದ ಅರಿವಿಯೊಳಗ ಒಂದು ಚೂರು ಸಿಕ್ಕೊಂಡಿತ್ತು, ನೋಡಿದ್ರ ಕಾಣದಷ್ಟು ಸಣ್ಣದು. ಬ್ಯಾಸಗಿ ದಿನ, ಬೆವರು ಹರೀತಿತ್ತು. ಅದ ಅರಿವಿ ತಗೊಂಡು ಮಾರಿ ಗಸಗಸ ಒರಸಿಕೊಂಡ್ರು. ಏನೋ ಚುಚ್ಚಾಕತ್ತೈತಿ ಅನಕೋಂತ ತಿಕ್ಕಿದ್ರು, ಮತ್ತ ತಿಕ್ಕಿದ್ರು. ಹುಬ್ಬಳ್ಳಿ ದವಾಖಾನಿಗೆ ಒಯ್ಯೋದ್ರಾಗ ಕೀವು ತುಂಬಿತ್ತು. ಕಣ್ಣನ್ನ ತಗದ ಬಿಟ್ರು. ಈಗ ಅಲ್ಲಿ ಒಂದು ಗಾಜಿನ ಕಣ್ಣು ಐತಿ. ಯಾರು ಬಂದ್ರೂ ಯಾರು ಹೋದ್ರೂ ಅದು ಒಂದ ಕಡೆ ನೋಡ್ಕೋಂತ ಕುಂತಿರ್ತೈತಿ.

ಅವತ್ತಿನಿಂದ ಉಳದ ಕಣ್ಣು ನಂದು. ಅವರದಲ್ಲ, ನಂದು. ಶೆಡ್ಡಿನ್ಯಾಗ ಎರಡು ಮೊಳಿ ಬಡದ್ನಿ. ಒಂದಕ್ಕ ಬಿಳೇ ಅರಿವಿ ಸಿಗಿಸಿದ್ನಿ, ಒಂದಕ್ಕ ಬಣ್ಣದ್ದು. ಮಾರಿಗೆ ಬಿಳೇದು, ಮಷೀನಿಗೆ ಬಣ್ಣದ್ದು. ಬಣ್ಣದ್ದು ಒಂದು ಸಲ ಒರಸಿತಂದ್ರ ಸೀದಾ ಒಲಿಗೆ. ಬಿಳೇದು ಮಷೀನಿನ ಹತ್ರ ಸುಳಿಯಂಗಿಲ್ಲ. ಒಂದು ಸಲ ಅವರು ಮಾತಾಡ್ಕೋಂತ ಬಣ್ಣದ ಅರಿವಿ ಮಾರಿ ಕಡೆ ಒಯ್ದ್ರು. ನಾ ಬಾಗಲಾಗ ನಿಂತಿದ್ನಿ, ಕೈಯಾಗ ಲಟ್ಟಣಗಿ ಇತ್ತು, ಬೀಸಿ ಒಗದ್ನಿ. ಮೊಣಕೈಗೆ ಬಡದು ಟಣ್ ಅಂತ ಲೇತ್ ಮ್ಯಾಲ ಬಿತ್ತು.

“ಏ ಹುಚ್ಚಿ! ಕೈ ಮುರದೆಲ್ಲಾ!” ಅಂತ ಒದರಿದ್ರು.

“ಕೈ ಎರಡದಾವು” ಅಂದ್ನಿ.

ಅಂಗಡಿಯೊಳಗ ಮಷೀನ್ ಒರಸೋ ಚಿಂದಿ, ಬನಿಯನ್ ವೇಸ್ಟ್ ಅಂತ ಕಿಲೋಲೆ ಮಾರ್ತಾರ. ನೀವು ಕೇಳಬಹುದು, ಅದನ್ನ ತರಬಾರದಾ ಅಂತ. ತಂದೇನಿ ತಂದೇನಿ. ಮೊದಲು ಅದು ತುಟ್ಟಿ. ಒಂದು ಸಲ ಒರಸಿ ಸುಡೋ ಮನಿಗೆ ಅದು ಪೂರೈಸಂಗಿಲ್ಲ. ಎರಡನೇದ್ದು, ಗಂಟಿನ ಮ್ಯಾಲ ಮ್ಯಾಲ ಚಲೋ ಕಾಟನ್ ಇಟ್ಟು ಒಳಗ ಪಾಲಿಸ್ಟರ್ ತುರುಕಿರ್ತಾರ. ಪಾಲಿಸ್ಟರ್ ಎಣ್ಣಿ ಕುಡಿಯಂಗಿಲ್ಲ, ಬರೇ ಇಲ್ಲಿಂದ ಅಲ್ಲಿಗೆ ಸವರ್ತೈತಿ. ಮತ್ತ ಗುಂಡಿ, ಹುಕ್ಕು, ಲಾಡಿ, ಎಲ್ಲಾ ಹಂಗ ಇರ್ತಾವು. ಒಂದು ಸಲ ಹಂಗ ತಂದ ಗಂಟಿನ್ಯಾಗ ಒಂದು ಸೀರಿ ಅಂಚು ಬಂದಿತ್ತು, ಉದ್ದಂದು. ತಿರಗೋ ಮಷೀನ್ ಒರಸೋ ಮುಂದ ಆ ಅಂಚು, ಕಬ್ಬಿಣ ಹಿಡದು ತಿರುಗಿಸೋ ಚಕ್ ಅಂತಾರಲ್ಲ, ಅದಕ್ಕ ಸಿಕ್ಕಿತು. ಸರ್ರಂತ ಸುತ್ತಿಕೊಂಡು ಅವರ ಕೈ ಎಳಕೊಂಡು ಹೊಂಟಿತು. ನಾ ಬಾಗಲದ ಅಡ್ಡಗೋಲು ತಗೊಂಡು ಅವರ ರಟ್ಟಿ ಮ್ಯಾಲ ಹಾಕಿದ್ನಿ. ಬಿಟ್ರು. ಅರಿವಿ ಚಕ್ಕಿನ ಸುತ್ತ ಪಟಪಟ ಬಡಕೋಂತ ಹರದು ಚೂರಾತು. ಅದು ಅವರ ಬೆರಳಾಗಬೇಕಿತ್ತು. ರಟ್ಟಿ ಕರ್ರಗ ಬಾತಿದ್ದಕ್ಕ ಬೆಲ್ಲ ಸುಣ್ಣ ಹಚ್ಚಿ ಕಟ್ಟಿದ್ನಿ, ಕಟ್ಟುಕೋಂತ ಬೈದ್ನಿ, ಬೈಕೋಂತ ಅತ್ನಿ.

ಅದಕ್ಕ ಅರಿವಿ ನಾನ ಆರಿಸಿ ತರಬೇಕು, ನಾನ ಹರೀಬೇಕು. ಕಾಟನ್ ಇರಬೇಕು, ಹಳೇದಿರಬೇಕು, ಅಂಗೈಯಷ್ಟು ತುಂಡು, ಅಂಚು ಇರಬಾರದು, ದಾರ ನೇತಾಡಬಾರದು. ಬಣ್ಣದ್ದು ಎಲ್ಲೆರ ಸಿಗ್ತೈತಿ. ಬಿಳೇದು ಸಿಗಂಗಿಲ್ಲ ನೋಡ್ರಿ. ಈಗಿನ ಮಂದಿ ಧೋತರ ಉಡಂಗಿಲ್ಲ, ಬಿಳೇ ಚಾದರ ಹಾಸಂಗಿಲ್ಲ.

ಬಸ್ ಸ್ಟ್ಯಾಂಡ್ ಹಿಂದ ಒಬ್ಬ ಟೇಲರ್ ಇದ್ದ. ಜುಬ್ಬಾ ಪೈಜಾಮ ಹೊಲದು ಉಳದ ಬಿಳೇ ತುಂಡು ನನಗಂತ ತಗದಿಡತೇನಿ ಅಂದಿದ್ದ. ಅದಕ್ಕಂತ ಅವನ ಹೊಲಿಗಿ ಮಷೀನು ನಮ್ಮ ಮನಿಯವ್ರು ಪುಕ್ಕಟೆ ರಿಪೇರಿ ಮಾಡಿ ಕೊಟ್ಟಿದ್ರು. ಹೋಗಿ ಕೇಳಿದ್ರ, ಗಾದಿ ತುಂಬೋರು ಬಂದಿದ್ರು, ಅವರಿಗೆ ಕೊಟ್ನಿ ಅಂತ ನಗ್ತಾನ! ಅವನ ಕೊಳ್ಳಾಗ ಅಳತಿ ಟೇಪು ಜೋತು ಬಿದ್ದಿತ್ತು. ಎರಡೂ ತುದಿ ಹಿಡದು ಎಳದ್ನಿ. ಅವನ ಕಣ್ಣು ಮ್ಯಾಲ ಬಂದುವು. ಬಾಜೂ ಅಂಗಡಿಯವ್ರು ಬಂದು ಬಿಡಿಸಿದ್ರು. ಬಿಡಿಸದಿದ್ರ ಏನಾಗ್ತಿತ್ತೋ ನಾ ಹೇಳಂಗಿಲ್ಲ.

ರಾಣೆಬೆನ್ನೂರಿನ ಸಂತಿಯೊಳಗ ಹಳೇ ಅರಿವಿ ತಗೊಂಡು ಸ್ಟೀಲ್ ಡಬ್ಬಿ, ಬೋಗಾಣಿ ಕೊಡೋ ಒಬ್ಬಾಕಿ ಇದ್ಲು. ಮನಿ ಮನಿ ತಿರಗಿ ಅರಿವಿ ಕೂಡಿಸ್ತಿದ್ಲು. ಬಿಳೇ ಧೋತರ ಇದ್ರ ಇಡವಾ, ನಾ ಬಂದು ತಗೊಂತೇನಿ ಅಂತ ಹೇಳಿ ಮುಂಗಡ ಕೊಟ್ಟು ಬಂದಿದ್ನಿ. ಗಂಟು ಕಟ್ಟಿ ಇಟ್ಟಿದ್ಲು. ನಾ ಬಸ್ಸಿನ್ಯಾಗ ಹೊತಗೊಂಡು ಬರೋಕಿಂತ ಮೊದಲು ಅಲ್ಲೇ ಬಿಚ್ಚಿದ್ನಿ. ಮ್ಯಾಲೊಂದು ಧೋತರ, ಕೆಳಗೊಂದು ಧೋತರ, ನಡುವ ಬರೇ ನೈಲಾನ್ ಸೀರಿ. “ಏನವಾ ಇದು?” ಅಂದ್ನಿ. “ಒಯ್ಯೋದಿದ್ರ ಒಯ್ಯಿ, ಇಲ್ಲಾಂದ್ರ ಬಿಡು, ಚಿಂದಿಗೆ ಬಂದಾಕಿ ಏನ್ ಧಿಮಾಕು ನಿಂದು” ಅಂದ್ಲು. ಆಮ್ಯಾಲ ಏನ ಕೇಳ್ತೀರಿ. ಬೋಗಾಣಿ ಎಲ್ಲಾ ಉರುಳಿದುವು, ನಾವಿಬ್ರೂ ಅದರ ಮ್ಯಾಲ ಉರುಳಿದ್ವಿ. ಆಕಿ ಕೂದಲಾ ನನ್ನ ಮುಷ್ಟಿಯಾಗ ಬಂತು, ನನ್ನ ಬೆಂಡೋಲಿ ಆಕಿ ಕೈಯಾಗ ಹೋತು. ಕಿವಿ ಹರದು ಕುಬಸ ಎಲ್ಲಾ ರಕ್ತ. ಬಲಗಿವಿ ತೂತು ಈಗೂ ಸೀಳೈತಿ. ಆ ಎರಡು ಧೋತರ ಮಾತ್ರ ನಾ ಬಿಡಲಿಲ್ಲ, ಬಗಲಾಗ ಒತ್ತಿಕೊಂಡ ಬಂದ್ನಿ.

ಯಾರೋ ಅಂದ್ರು, ಐರಣಿಗೆ ಹೋಗು, ಹೊಳಿ ದಂಡಿಗೆ ಸತ್ತವರ ಅರಿವಿ ಬಿಟ್ಟು ಹೋಗ್ತಾರ, ಕೇಳೋರಿಲ್ಲ ಅಂತ. ಅದಕ್ಕೂ ಹೋದ್ನಿ. ಕಲ್ಲಿನ ಮ್ಯಾಲ ಒಂದು ಧೋತರ ಒದ್ದಿಯಾಗಿ ಬಿದ್ದಿತ್ತು, ಬೆಳ್ಳಗ, ಜಾಳ ಜಾಳ, ನನಗ ಬೇಕಾದಂಥಾದ್ದ. ಎತ್ತಿದ್ನಿ. ಅದನ್ನ ನಮ್ಮವರ ಮಾರಿಗೆ ಹಚ್ಚೋದು ಕಣ್ಣ ಮುಂದ ಬಂತು. ಅದನ್ನ ಅಲ್ಲೇ ಬಿಸಾಕಿ, ಹೊಳ್ಯಾಗ ಕೈ ತೊಳಕೊಂಡು, ತಿರುಗಿ ನೋಡದಂಗ ಬಂದ್ನಿ.

ಅಂಥಾದ್ರಾಗ ನನ್ನ ತಮ್ಮ ಫೋನ್ ಮಾಡಿದ.

ನಂದು ತವರುಮನಿ ಬ್ಯಾಡಗಿ. ತಮ್ಮ ಅಲ್ಲೇ ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡ್ತಾನ. ನಾನೂ ಮದಿವಿ ಆಗೋತನಕ ಅದ ಅಂಗಳದಾಗ ಕುಂತು ಕಾಯಿ ತೊಟ್ಟು ಬಿಡಿಸಿದಾಕಿ. ಕೆಂಪು ಧೂಳಿನ್ಯಾಗ ಉಂಡೇವಿ, ಮಲಗೇವಿ, ಅದ ಸೆರಗಲೆ ಕಣ್ಣು ಒರಸಿಕೊಂಡೇವಿ. ಏನೂ ಆಗಿಲ್ಲ. ನಮ್ಮ ಕಾಯಿ ಗುಣ ಅದು. ಸುಕ್ಕು ಸುಕ್ಕು, ಕುಂಕುಮದಂಥಾ ಬಣ್ಣ, ಖಾರ ಅಂದ್ರ ಹೆಸರಿಗೆ ಇಷ್ಟ. ಇದರ ಮ್ಯಾಲ ನಮ್ಮ ಮನಿಯವ್ರು ನನ್ನ ಕಾಡಿಸದ ದಿನ ಇಲ್ಲ. “ಬ್ಯಾಡಗಿಯಾಕಿ, ಬರೇ ಬಣ್ಣ ತೋರಸ್ತಾಳ, ಖಾರ ಇಲ್ಲ” ಅಂತ ಬಂದವರ ಮುಂದೆಲ್ಲಾ ಅನ್ನೋರು. ಲಟ್ಟಣಗಿ ಏಟು ತಿಂದ ಮ್ಯಾಲೂ ಅನ್ನೋರು.

ತಮ್ಮ ಫೋನಿನ್ಯಾಗ ಅಂದ, “ಅಕ್ಕಾ, ಒಬ್ಬ ಸಾಹುಕಾರ್ರು ಕಾಯಿ ರಾಶಿ ಕೆಳಗ ಹಾಸೋ ಹಳೇ ಹಾಸು ಬ್ಯಾಡಂತ ಒಗದಾರ. ಪಕ್ಕಾ ಕಾಟನ್. ಒಂದು ಚೀಲ ತುಂಬಿ ಇಟ್ಟೇನಿ. ಪುಕ್ಕಟೆ.”

“ಕೆಂಪಗಿರ್ತಾವಲ್ಲೋ. ನನಗ ಬಿಳೇದು ಬೇಕು.”

“ಸಬಕಾರ ಹಚ್ಚಿ ಒಗಿ, ಮಾಳಗಿ ಮ್ಯಾಲ ಬಿಸಲಿಗೆ ಹಾಕು. ನಮ್ಮ ಕಾಯಿ ಬಣ್ಣ ಬಿಸಲಿಗೆ ನಿಲ್ಲಂಗಿಲ್ಲ, ಗೊತ್ತಿಲ್ಲೇನು ನಿನಗ? ಬಣ್ಣ ಹೋತಂದ್ರ ಕಾಯೀನೂ ಹೋತು. ಮತ್ತೇನೈತಿ ಅದರಾಗ?”

ಇದು ಬ್ಯಾಡಗಿಯೊಳಗ ಹುಟ್ಟಿದವರಿಗೆಲ್ಲಾ ಗೊತ್ತಿದ್ದ ಮಾತು. ನಮ್ಮ ಕಾಯಿ ಅಂದ್ರ ಬಣ್ಣ, ಬಣ್ಣ ಅಂದ್ರ ನಮ್ಮ ಕಾಯಿ. ನನಗೂ ಖರೇ ಅನಿಸ್ತು. ಚೀಲ ತಂದ್ನಿ.

ಒಗಿಯೋ ದಿನ ದೊಡ್ಡ ರಾಮಾಯಣನ ಆತು. ಹಂಡೇದಾಗ ನೀರು ಕಾಸಿ, ಅಂಗಳದಾಗ ತಗಡಿನ ಬುಟ್ಟಿಯೊಳಗ ಹಾಸು ನೆನಸಿದ್ನಿ. ಉಗಿ ಎದ್ದಿದ್ದ ತಡ, ಓಣಿ ಎಲ್ಲಾ ಕೆಮ್ಮಾಕ ಹತ್ತಿತು. ಮುದುಕರು, ಹುಡುಗ್ರು, ಕಟ್ಟಿದ ಎಮ್ಮಿ ಸೈತ. ಬಾಜೂ ಮನಿಯಾಕಿ ಸೆರಗು ಮೂಗಿಗೆ ಒತ್ತಿಕೊಂಡು, ಕಣ್ಣಾಗ ನೀರು ಸುರಿಸ್ಕೋಂತ ಬಂದ್ಲು. ನಾವಿಬ್ರೂ ಮೊದಲ ಹಾವು ಮುಂಗಲಿ.

“ಏನ್ ಸುಡಾಕತ್ತೀಯವಾ? ನಮ್ಮನ್ನೇನ್ ಕೊಲ್ಲಬೇಕಂತ ಮಾಡೀದಿ?”

“ಕಾಯಿ ಹಾಸು ಒಗ್ಯಾಕತ್ತೇನಿ. ಬ್ಯಾಡಗಿ ಕಾಯಿ ಐತಿ, ಯಾರೂ ಸಾಯಂಗಿಲ್ಲ.”

“ಇದು ನಿಮ್ಮ ಬ್ಯಾಡಗಿ ಕಾಯಿ ಅಲ್ಲ. ಬೆಂಕಿ ಐತಿ ಇದು. ಚೆಲ್ಲು ಮೊದಲು!” ಅಂತ ಬುಟ್ಟಿಗೆ ಒದ್ಲು.

ನನ್ನ ಊರಿನ ಕಾಯಿ ಯಾವುದು ಅಂತ ಈಕಿ ನನಗ ಹೇಳ್ತಾಳ! ಕೈಯಾಗಿದ್ದ ತಂಬಿಗಿ ಬೀಸಿದ್ನಿ. ಆಕಿ ಹಣಿಗೆ ಬಡೀತು. ಆಕಿ ನೆನದ ಹಾಸು ಎತ್ತಿ ನನ್ನ ಮಾರಿಗೆ ಬಾರಿಸಿದ್ಲು. ನಾ ಆಕಿ ತುರುಬು ಹಿಡದ್ನಿ, ಆಕಿ ನನ್ನ ಕುಬಸ ಹರದ್ಲು. ಇಬ್ರೂ ಕೆಮ್ಮುಕೋಂತ, ಉಗುಳುಕೋಂತ, ಬೈಕೋಂತ ರಾಡಿಯಾಗ ಹೊಳ್ಳಾಡಿದ್ವಿ. ನನಗ ಕಣ್ಣು ಕಾಣದಂಗ ಉರೀತಿದ್ದುವು. ಸಿಟ್ಟಿಗೆ ಉರೀತಾವು ಅಂದುಕೊಂಡ್ನಿ, ಮತ್ತ ಸೋಡಾ ಸಬಕಾರ ಕಣ್ಣಾಗ ಹೋಗೈತಿ ಅಂದುಕೊಂಡ್ನಿ. ಮಂದಿ ಬಂದು ಎಳದು ಬ್ಯಾರೆ ಮಾಡಿದ್ರು. ನಾ ಗೆದ್ನಿ ಅಂತ ಮೀಸಿ ಇಲ್ಲದಿದ್ರೂ ತಿರುವಿಕೊಂಡ ಒಳಗ ಹೋದ್ನಿ.

ಬಿಸಲು ಕೆಟ್ಟ ಇತ್ತು. ಮಾಳಗಿ ಮ್ಯಾಲ ಹಾಕಿದ ಹಾಸು ದಿನಾ ಒಂದೀಟು ಬೆಳ್ಳಗಾದುವು. ಕೆಂಪು ಹೋಗಿ ಗುಲಾಬಿ ಆತು, ಗುಲಾಬಿ ಹೋಗಿ ಹಾಲಿನ ಕೆನಿ ಬಣ್ಣ ಬಂತು, ಕಡೀಕ ಬೆಳ್ಳಂಬೆಳ್ಳಗ. ಹರಿಯೋ ಮುಂದ ಎಷ್ಟು ಖುಷಿ ಆತ್ರಿ! ಇಡೀ ವರ್ಷಕ್ಕ ಸಾಕಾಗುವಷ್ಟು. ಅಂಗೈಯಷ್ಟು ತುಂಡು ಮಾಡಿ, ದಾರ ಕಿತ್ತು, ಮಡಚಿ, ಬಿಳೇ ಮೊಳಿಗೆ ಸಿಗಿಸಿದ್ನಿ. ಕೈ ಒಂದೀಟು ಚುರುಚುರು ಅಂತು. ತೊಟ್ಟು ಬಿಡಿಸಿ ಬೆಳದ ಕೈ ಇವು, ಅದಕ್ಕೆಲ್ಲಾ ಲಕ್ಷ್ಯ ಕೊಡಂಗಿಲ್ಲ.

ಮರುದಿನ ಮಧ್ಯಾಹ್ನ ನಾ ರೊಟ್ಟಿ ಬಡೀತಿದ್ನಿ. ಲೇತ್ ಸಪ್ಪಳ ಕೇಳ್ತಿತ್ತು. ಮಷೀನ್ ಸಪ್ಪಳ ಕೇಳಿ ಕೇಳಿ ನನಗ ಗೊತ್ತಾಗ್ತೈತಿ, ಕಬ್ಬಿಣ ಕಡ್ಯಾಕತ್ತೈತೋ ಖಾಲಿ ತಿರಗಾಕತ್ತೈತೋ ಅಂತ. ಖಾಲಿ ತಿರಗಾಕ ಹತ್ತಿತು. ಅದರ ಬೆನ್ನಿಗೆ ಒಂದು ದನಿ ಬಂತು. ಮನಷ್ಯಾಂದು ಅಂತ ಮೊದಲು ತಿಳೀಲಿಲ್ಲ, ದನಕ್ಕ ಬರೆ ಹಾಕಿದಂಗ ಇತ್ತು.

ಓಡಿದ್ನಿ. ಅವರು ಮಷೀನಿನ ಮುಂದ ಬಗ್ಗಿ ತೂರಾಡಾಕತ್ತಿದ್ರು. ಎರಡೂ ಕೈಲೆ ಬಿಳೇ ಅರಿವಿ ಹಿಡದು ಕಣ್ಣಿಗೆ ತಿಕ್ಕಾಕತ್ತಿದ್ರು. ಉರಿದಷ್ಟೂ ತಿಕ್ಕಾಕತ್ತಿದ್ರು. ಬಿಳೇದು ಅಂದ್ರ ಚೊಕ್ಕ ಅಂತ ನಾನ ಕಲಿಸೇನಲ್ಲ! ಬಾಜೂಕ ಚಕ್ ಗರಗರ ತಿರಗಾಕತ್ತಿತ್ತು, ಅವರ ತಲಿ ಅದರಿಂದ ಒಂದು ಗೇಣು ದೂರ. ಮೇನ್ ಸ್ವಿಚ್ ಬಂದ್ ಮಾಡಿ, ನಡ ಹಿಡದು ಎಳದು ನೆಲಕ್ಕ ಕೆಡವಿದ್ನಿ. ಅರಿವಿ ಕಸಗೊಂಡ್ನಿ. ಕೈ ಮತ್ತ ಕಣ್ಣಿಗೆ ಹೋದುವು. ಎದಿ ಮ್ಯಾಲ ಹತ್ತಿ ಕುಂತು ಎರಡೂ ಕೈ ಮೊಣಕಾಲ ಕೆಳಗ ಒತ್ತಿದ್ನಿ.

“ಕಣ್ಣು ತಗೀರಿ! ತಗೀರಿ ಅಂದ್ನಿ!”

ತಗೀಲಿಲ್ಲ. ಹಲ್ಲು ಕಚ್ಚಿ, ತಲಿ ನೆಲಕ್ಕ ಜಪ್ಪಾಕತ್ತಿದ್ರು. ಕಪಾಳಕ್ಕ ಹೊಡದ್ನಿ. ಮತ್ತ ಹೊಡದ್ನಿ. ಬೆರಳು ಹಾಕಿ ರೆಪ್ಪಿ ಬಿಡಿಸಾಕ ಹೋದ್ರ ನನ್ನ ಕೈ ಬಾಯಾಗ ಸಿಕ್ತು, ಕಡದ ಬಿಟ್ರು. ಹಲ್ಲು ಎಲುಬಿಗೆ ತಾಗಿದ್ದು ತಿಳೀತು. ಬಿಡಲಿಲ್ಲ ನಾನೂ. ಕಡೀರಿ, ತಿಂದ ಬಿಡ್ರಿ, ಕಣ್ಣು ತಗೀರಿ ಅಂತ ಒದರಿದ್ನಿ. ನೀರು ಬೇಕು, ಆದ್ರ ಎದ್ದು ಹೋದ್ರ ಮತ್ತ ತಿಕ್ಕಿಕೋತಾರ. “ಯಾರರ ನೀರು ತರ್ರೀ!” ಅಂತ ಗಂಟಲು ಹರಕೊಂಡ್ನಿ.

ಬಂದಾಕಿ ಬಾಜೂ ಮನಿಯಾಕಿ. ಹಣಿ ಮ್ಯಾಲ ನನ್ನ ತಂಬಿಗಿ ಬಡದ ಗುರುತು ಇನ್ನೂ ಹೋಗಿರಲಿಲ್ಲ. ಕೊಡ ತಗೊಂಡ ಓಡಿ ಬಂದ್ಲು. ನಾ ರೆಪ್ಪಿ ಅಗಲಿಸಿ ಹಿಡದ್ನಿ, ಆಕಿ ಸುರುವಿದ್ಲು. ಕೊಡ ಮುಗೀತು, ಮತ್ತ ತಂದ್ಲು. ಅವರು ಒದರಿ ಒದರಿ ದನಿ ಹೋತು. ನನ್ನ ಕೈಯಿಂದ ರಕ್ತ ಇಳದು ಆ ನೀರಾಗ ಕೂಡಿ ಅವರ ಮಾರಿ ಎಲ್ಲಾ ಕೆಂಪಗಾತು. ಆಕಿ ಅಂಜಿ, “ಎವ್ವಾ, ಕಣ್ಣು ಒಡೀತೇನ?” ಅಂದ್ಲು. “ಇಲ್ಲ, ಅದು ನಂದು” ಅಂದ್ನಿ.

ಹಾವೇರಿಯ ಕಣ್ಣಿನ ಡಾಕ್ಟರ್ರು ನೋಡಿ, ನೀರು ಹಾಕಿದ್ದ ಚಲೋ ಆತು ಅಂದ್ರು. ಆದ್ರ ತಿಕ್ಕಿ ತಿಕ್ಕಿ ಕರಿಗುಡ್ಡಿ ಕೆರದೈತಿ, ಎಷ್ಟು ಆಳ ಅಂತ ಬಾವು ಇಳದ ಮ್ಯಾಲ ತಿಳೀಬೇಕು, ಔಷಧ ಹಾಕಿ ಕಟ್ಟತೇನಿ, ನಾಳೆ ಮಧ್ಯಾಹ್ನ ಬಿಚ್ಚಿ ನೋಡೋಣು ಅಂದ್ರು. “ಕಾಣಸ್ತೈತಲ್ರಿ?” ಅಂದ್ನಿ. “ನಾಳೆ ನೋಡೋಣು” ಅಂದ್ರು. ಅವರ ಅಂಗಿ ಕೊಳ್ಳಪಟ್ಟಿ ಹಿಡಿಯೋ ಹಂಗಾಗಿತ್ತು ನನಗ. ಡಾಕ್ಟರು ಅಂತ ಬಿಟ್ನಿ.

ಮನಿಗೆ ಕರಕೊಂಡ ಬಂದು ಹೊರಸಿನ ಮ್ಯಾಲ ಕುಂಡ್ರಿಸಿದ್ನಿ. ಚಲೋ ಕಣ್ಣಿಗೆ ಪಟ್ಟಿ. ತೆರದಿದ್ದು ಗಾಜಿನ ಕಣ್ಣೊಂದ. ಅದು ನನ್ನ ಕಡೆ ನೋಡಾಕತ್ತಿತ್ತು. ಅವರು ಕೈ ಚಾಚಿ ತಟ್ಟಿ ತಟ್ಟಿ ಗ್ಲಾಸು ಹುಡುಕಾಕತ್ತಿದ್ರು, ಎತ್ತಿ ಕೈಯಾಗ ಕೊಟ್ನಿ. “ಕಾಣದಿದ್ರ ಲೇತ್ ಮಾರಿ ಬಿಡೋಣೇನ?” ಅಂದ್ರು ಮೆತ್ತಗ. ಆ ಮಾತಿಗೆ ಅಳು ಬರಬೇಕಿತ್ತು. ನನಗ ಸಿಟ್ಟು ಬಂತು. ಯಾರ ಮ್ಯಾಲ ಅಂತ ವಿಚಾರ ಮಾಡೋದ ಬೇಕಾಗಲಿಲ್ಲ. ತಮ್ಮನ ಮ್ಯಾಲ.

ಮುಂಜಾನೆ ಬಾಜೂ ಮನಿಯಾಕಿ ತಾನಾಗೇ ಬಂದು ಬಾಗಲಾಗ ಕುಂತ್ಲು. “ಹೋಗಿ ಬಾ. ನಾ ಇರ್ತೇನಿ. ಲಗೂನ ಬಾ” ಅಂದ್ಲು. ಎಲ್ಲಿಗೆ ಅಂತ ಆಕಿಗೆ ಹೇಳಿದ್ದಿಲ್ಲ. ಅವರು ತಿಕ್ಕಿಕೊಂಡ ಅರಿವಿ ಪ್ಲಾಸ್ಟಿಕ್ ಚೀಲದಾಗ ಹಾಕಿಕೊಂಡ್ನಿ. ಉಳದ ತುಂಡು ನಾಕೈದು ಹಾಕಿಕೊಂಡ್ನಿ. ಖರೇ ಹೇಳತೇನಿ, ತಮ್ಮಗ ತೋರಸಾಕಂತ ಅಲ್ಲ. ಅವನ ಕಣ್ಣಿಗೆ ತಿಕ್ಕಬೇಕಂತ.

ಬ್ಯಾಡಗಿ ಬಸ್ಸು ಇಳದು ಸೀದಾ ಮಾರ್ಕೆಟ್ಟಿಗೆ ನಡದ್ನಿ. ತಮ್ಮ ಚೀಲದ ಥಪ್ಪಿಗೆ ಒರಗಿ ಚಾ ಕುಡೀತಿದ್ದ. ನನ್ನ ನೋಡಿ ಹಲ್ಲು ಕಿಸದ, “ಅಕ್ಕಾ, ಏನ ಹೇಳದ ಕೇಳದ…” ಅಂದ. ಕಾಲಲೆ ಒದ್ನಿ. ಚಾ ಕಪ್ಪು ಹಾರಿ ಹೋತು. ಕಾಲಾನ ಚಪ್ಪಲಿ ತಗದು ತಲಿ, ಬೆನ್ನು, ಎಲ್ಲೆ ಬೀಳತೈತೋ ಅಲ್ಲೆ ಹೊಡದ್ನಿ. ಚೀಲಾ ಹೊರೋ ಗಂಡಸು ಅವ, ನನ್ನ ಒಂದು ಕೈಲೆ ಎತ್ತಿ ಒಗಿಯೋ ಅಂಥಾವ. ಕೈ ಎತ್ತಲಿಲ್ಲ. ತಲಿ ಮ್ಯಾಲ ಕೈ ಇಟಗೊಂಡು, “ಏನಾತು ಹೇಳಕ್ಕಾ, ಹೊಡಿ, ಹೊಡದು ಹೇಳು” ಅಂತಿದ್ದ. ಹಮಾಲರು ಸುತ್ತ ನಿಂತ್ರು. ತೊಟ್ಟು ಬಿಡಿಸೋ ಹೆಣಮಕ್ಕಳು ಬುಟ್ಟಿ ಬಿಟ್ಟು ಎದ್ದು ಬಂದ್ರು.

“ನಿಮ್ಮ ಮಾವನ ಕಣ್ಣು ಸುಟ್ಟಿ ನೀ! ಇದ್ದದ್ದೊಂದು ಕಣ್ಣು!”

ಹೇಳಿದ್ನಿ, ಎಲ್ಲಾ. ಅವನ ಮಾರಿ ಬೆಳ್ಳಗಾತು. ಆದ್ರ ತಲಿ ಅಲ್ಲಾಡಿಸಿದ.

“ಇಲ್ಲಕ್ಕಾ. ಮತ್ತೇನರ ಆಗೈತಿ. ಮಷೀನಿನ ಎಣ್ಣಿ ಬಿದ್ದಿರಬೇಕು. ನಮ್ಮ ಕಾಯಿ ಕಣ್ಣು ಸುಡಂಗಿಲ್ಲ. ನೀ ಇಲ್ಲೇ ಹುಟ್ಟೀದಿ, ನಿನಗ ಗೊತ್ತಿಲ್ಲೇನು?”

“ಗೊತ್ತೈತೇನ? ಗೊತ್ತೈತೇನ ನಿನಗ?” ಅಂತ ಚೀಲದಾನ ಅರಿವಿ ತಗದು ಅವನ ಕಡೆ ನುಗ್ಗಿದ್ನಿ.

ಅವ ನನ್ನ ಮುಂಗೈ ಹಿಡದ, ಮೆಲ್ಲಗ. ಅರಿವಿ ನನ್ನ ಕೈಯಾಗಿಂದ ತಗೊಂಡ. ತಿರುವಿ ನೋಡಿದ. ಬೆಳ್ಳಗಿತ್ತು. “ನೋಡಕ್ಕಾ, ಇದರಾಗ ಕಾಯಿ ಎಲ್ಲೈತಿ? ನೀ ಹಾಕಬ್ಯಾಡ. ನಾನ ಹಾಕ್ಕೋತೇನಿ” ಅಂದ. ಬಾಜೂಕ ಕುಡಿಯಾಕ ಇಟ್ಟ ಕೊಡದಾಗಿನ ನೀರಾಗ ಅದ್ದಿದ. ಸಣ್ಣವಿದ್ದಾಗ ನಾ ಅವನ ಮಾರಿ ತೊಳಿಯೋ ಮುಂದ ಹೆಂಗ ಕಣ್ಣು ತೆರಕೊಂಡ ನಿಲ್ತಿದ್ದನೋ ಹಂಗ ನಿಂತು, ಎರಡೂ ಕಣ್ಣಿಗೆ ಒತ್ತಿ ಒರಸಿಕೊಂಡ.

“ಬ್ಯಾಡೋ!” ಅಂದ್ನಿ. ಅದಕ್ಕಂತನ ಬಂದಾಕಿ ನಾನು, ಬ್ಯಾಡೋ ಅಂದ್ನಿ. ಅಷ್ಟರಾಗ ಮುಗದಿತ್ತು.

ಒಂದು ಉಸಿರು ಎಳಕೊಳ್ಳೋತನಕ ನಿಂತಿದ್ದ. ಆಮ್ಯಾಲ ಅವನ ಮಾರಿ ಸೊಟ್ಟಾತು. “ಅಕ್ಕಾ” ಅಂದ, ಅಂದು ಕುಸದು ಬಿದ್ದ. ಅದ ದನಿ. ನಿನ್ನೆ ಕೇಳಿದ ಅದ ದನಿ. ನೆಲದ ಮ್ಯಾಲ ಹೊಳ್ಳಾಡಿ ಕಾಯಿ ರಾಶಿಗೆ ತಲಿ ಬಡಕೊಂಡ, ರಾಶಿ ಜರದು ಅವನ ಮ್ಯಾಲ ಬಿತ್ತು. ನಾ ಚಪ್ಪಲಿ ಒಗದು ಅವನ ಎದಿ ಮ್ಯಾಲ ಹತ್ತಿ ಕುಂತ್ನಿ. ಎರಡು ದಿನದಾಗ ಎರಡನೇ ಗಂಡಸು. ಕೈ ಮೊಣಕಾಲ ಕೆಳಗ ಒತ್ತಿದ್ನಿ. ಬೆರಳು ಹಾಕಿ ರೆಪ್ಪಿ ಅಗಲಿಸಿದ್ನಿ. ಹಮಾಲರು ಕೊಡ ಕೊಡ ನೀರು ತಂದು ಸುರುವಿದ್ರು. ಅವನ ಕಣ್ಣೀರು, ಸಿಂಬಳ, ಕೆಂಪು ಧೂಳು ಎಲ್ಲಾ ನನ್ನ ಕೈ ಮ್ಯಾಲ. ತೊಳದ್ನಿ, ತಿಕ್ಕಿ ತಿಕ್ಕಿ ತೊಳದ್ನಿ, ಬೈಕೋಂತ ತೊಳದ್ನಿ.

ತೊಟ್ಟು ಬಿಡಿಸೋ ಒಬ್ಬ ಮುದುಕಿ ಆ ಅರಿವಿ ಎತ್ತಿ ಮೂಸಿ ನೋಡಿದ್ಲು. ನಾಲಿಗಿ ತುದಿ ಹಚ್ಚಿದ್ಲು, ಥೂ ಅಂತ ಉಗುಳಿದ್ಲು. “ಆ ಸಾಹುಕಾರ್ರ ಹಾಸಿನ ಮ್ಯಾಲ ಈ ಸಲ ಹೊರಗಿನ ಕಾಯಿ ಬಿದ್ದಿತ್ತವಾ, ಗುಂಟೂರಿಂದು. ಅದರ ಬಣ್ಣ ಹೋಗ್ತೈತಿ, ಖಾರ ಹೋಗಂಗಿಲ್ಲ” ಅಂದ್ಲು. ಈಗ ನಮ್ಮ ಮಾರ್ಕೆಟ್ಟಿಗೆ ಎಲ್ಲೆಲ್ಲಿಂದೋ ಕಾಯಿ ಬರ್ತಾವು. ಬ್ಯಾಡಗಿ ಅಂಗಳದಾಗ ಬಿದ್ದದ್ದೆಲ್ಲಾ ಬ್ಯಾಡಗಿ ಕಾಯಿ ಅಂತ ನಾವು ಅಕ್ಕ ತಮ್ಮ ಇಬ್ರೂ ನಂಬಿದ್ವಿ.

ತಮ್ಮಗ ಬಿಟ್ಟೂ ಬಿಡದ ನೀರು ಹಾಕಿದ್ದಕ್ಕ ಹೊತ್ತೇರೋದ್ರಾಗ ಕಣ್ಣು ತೆರದ. ಬಾತು ಕೆಂಪಗಾಗಿದ್ದುವು, ಆದ್ರ ನನ್ನ ಮಾರಿ ಕಾಣಿಸ್ತು ಅವನಿಗೆ. “ಮಾವಂದು ಹಿಂಗ ಆತೇನಕ್ಕಾ?” ಅಂದ. ಅಂದು ಸಣ್ಣ ಹುಡುಗನಂಗ ಅಳಾಕ ಹತ್ತಿ, “ಇನ್ನೊಂದೀಟು ಹೊಡಿ” ಅಂದ. ಹೊಡಿಯಾಕ ಕೈ ಬರಲಿಲ್ಲ. ಅವನ ತಲಿ ಎದಿಗೆ ಒತ್ತಿಕೊಂಡು, ಬಸ್ಸಿಗೆ ಹೊತ್ತಾತು ಅಂತ ಎದ್ನಿ.

ಬಸ್ಸಿನ್ಯಾಗ ಅಂಗೈ ಖಾರಕ್ಕ ಉರಿಯಾಕ ಹತ್ತಿದುವು. ಹಾವೇರಿಗೆ ಬಂದು ಸಬಕಾರಲೆ ತೊಳದ್ನಿ, ಹುಣಸಿಹಣ್ಣಲೆ ತೊಳದ್ನಿ. ಉರಿ ಇಳೀಲಿಲ್ಲ.

ಬಾಜೂ ಮನಿಯಾಕಿ ಅವರನ್ನ ತಯಾರ ಮಾಡಿ ಕುಂಡ್ರಿಸಿದ್ಲು. ಆಕಿನ ಕೈ ಹಿಡದು ಆಟೋದಾಗ ಹತ್ತಿಸಿದ್ಲು. ನಾ ಹಿಂದ ಬಂದ್ನಿ, ಕೈ ಸೆರಗಿನ್ಯಾಗ ಸುತ್ತಿಕೊಂಡು.

ಡಾಕ್ಟರ್ರು ಪಟ್ಟಿ ಬಿಚ್ಚಿದ್ರು. ಹತ್ತಿ ತಗದ್ರು. ಕಣ್ಣು ಅಂಟಿತ್ತು, ಔಷಧದ ನೀರು ಹಾಕಿದ್ರು. “ಮೆಲ್ಲಗ ತಗೀರಿ” ಅಂದ್ರು. ಮೊದಲು ಬರೇ ಕೆಂಪು ಕಾಣಿಸ್ತು ನನಗ, ಕಣ್ಣ ಇಲ್ಲೇನೋ ಅನ್ನುವಷ್ಟು ಕೆಂಪು. ನಡುವ ಕರಿಗುಡ್ಡಿ ಅಲ್ಲಾಡಿತು. ಗೋಡಿ ನೋಡಿತು, ಡಾಕ್ಟರ್ರನ್ನ ನೋಡಿತು, ಬಾಗಲಾಗ ನಿಂತ ಬಾಜೂ ಮನಿಯಾಕಿನ್ನ ನೋಡಿತು. ಕಡೀಕ ನನ್ನ ಕಡೆ ಬಂತು. ಮಾರಿ ನೋಡಲಿಲ್ಲ. ಸೆರಗು ಜಾರಿತ್ತು, ಕೈ ನೋಡಾಕತ್ತಿದ್ರು.

“ಲೇ, ಕೈಗೆ ಏನಾತ?” ಅಂದ್ರು. “ಯಾರ ಕಡದಾರ ನಿನಗ?”

ಹಲ್ಲಿನ ಗುರುತು ಕಾಣಿಸ್ತು ಅವರಿಗೆ. ಅಷ್ಟು ಸಣ್ಣ ಗುರುತು. ಒಂದೊಂದು ಹಲ್ಲು ಬ್ಯಾರೆ ಬ್ಯಾರೆ.

ಆ ಕಣ್ಣಿಂದ ಒಂದು ಹನಿ ಕೆಳಗ ಇಳೀತು, ಮತ್ತೊಂದು ಇಳೀತು. ಬೆಳಕಿಗೆ ನೀರು ಬರ್ತಾವು, ಒರಸ್ರಿ ಅಂತ ಡಾಕ್ಟರ್ರು ಅಂದ್ರು. ಇಷ್ಟು ವರ್ಷ ಊರೂರು ಅಲದು, ಬಡದಾಡಿ, ಕಿವಿ ಹರಕೊಂಡು ಅರಿವಿ ತಂದಿದ್ದು ಈ ಒಂದು ಕಣ್ಣು ಒರಸಾಕ. ಕೈ ತಾನಾಗೇ ಮ್ಯಾಲ ಎದ್ದಿತು. ಅಂಗೈ ಇನ್ನೂ ಉರೀತಿತ್ತು.

ನಮ್ಮವರು ಗಾಯ ನೋಡಬೇಕಂತ ನನ್ನ ಕೈ ಹಿಡಿಯಾಕ ಬಂದ್ರು. ಹಿಡದಿದ್ರ ಕಣ್ಣಿನ ಹತ್ರ ಒಯ್ತಿದ್ರು. ನಾ ಮೊಣಕೈಲೆ ಅವರ ಎದಿಗೆ ಗುದ್ದಿ ಹಿಂದ ದಬ್ಬಿದ್ನಿ. ಕುರ್ಚಿ ಸಮೇತ ಹಿಂದ ಸರದ್ರು.

“ಮುಟ್ಟಬ್ಯಾಡ್ರಿ!” ಅಂತ ಒದರಿದ್ನಿ. “ನನ್ನ ಮುಟ್ಟಬ್ಯಾಡ್ರಿ!”

“ಖಾರ ಐತಿ ಬಿಡು ನಿನ್ನ ಹತ್ರ” ಅಂದ್ರು ಅವರು.

ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ಗೋಡಿಗೆ ಒತ್ತಿ ನಿಂತ್ನಿ. ಹನಿ ಗದ್ದದತನಕ ಇಳದು ಅಂಗಿ ಮ್ಯಾಲ ಬಿತ್ತು. ನಾ ಒರಸಲಿಲ್ಲ.